ಎಡಕ್ಕಿಟ್ಟ ಹೊರೆ

“ಸರಕು ತರೋ ಮಂದೀನ ಹದ್ದುಬಸ್ತಿನಾಗ ಇಡೋದು ಹೆಂಗ್ರಿ, ಅಜ್ಜಾರ?”

ಕೇಳಿದವನು ಶಂಭುಲಿಂಗ. ಮಠದ ಉಗ್ರಾಣ ಅವನ ಕೈಗೆ ಬಂದು ಆರು ತಿಂಗಳಾಗಿತ್ತು. ದಿನಕ್ಕೆ ಮುನ್ನೂರು ಮಂದಿ ಉಣ್ಣುವ ಮಠ ಅದು. ಬೇಳೆ ಒಂದೂರಿನಿಂದ ಬರಬೇಕು, ಸೌದೆ ಇನ್ನೊಂದೂರಿನಿಂದ, ಎಲೆ ಮತ್ತೊಂದೂರಿನಿಂದ. ಬರುವ ಹುಣ್ಣಿಮೆಗೆ ಎರಡು ಸಾವಿರ ಮಂದಿಗೆ ಊಟವಿತ್ತು. ಯಾವ ಬಂಡಿ ಕೈಕೊಡುತ್ತದೋ ಎಂಬ ಚಿಂತೆಯಲ್ಲಿ ಅವನ ಮುಖ ಬಾಡಿತ್ತು.

ಅಜ್ಜಾರು ಕಟ್ಟೆಯ ಮೇಲೆ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರು. ಮಠಕ್ಕೆ ಗುರುಗಳಾದರೂ ಊಟವಾದ ಮೇಲೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. “ಯಾಕ, ಏನಾತು?” ಎಂದರು.

“ಬೆಳಿಗ್ಗೆ ಮೈಲಾರಪ್ಪ ಹತ್ತು ಮೂಟಿ ಬ್ಯಾಳಿ ತಂದಿದ್ದರಿ. ಒಂದರಾಗ ಹುಳ. ಒಂದು ಮೂಟೀದೂ ಹೊಲಿಗಿ ಬಿಚ್ಚಗೊಡಲಿಲ್ಲ ನಾನು. ಹತ್ತಕ್ಕ ಹತ್ತೂ ತಿರುಗಿ ಬಂಡಿಗೆ ಏರಿಸಿ, ಇನ್ನ ಮಠದ ಕಡೆ ಹಾಯಬ್ಯಾಡ ಅಂದು ಕಳಿಸಿಬಿಟ್ಟೆ. ಅಲ್ನೋಡ್ರಿ, ಹಳ್ಳದ ದಂಡ್ಯಾಗ ಎತ್ತು ಬಿಟ್ಟು ಕುಂತಾನ. ಬಿಸಿಲು ಇಳಿದ ಮ್ಯಾಲ ಹೊಂಡ್ತಾನ. ಈ ಮಂದೀನ ಹಿಂಗ ಬಿಗಿ ಹಿಡೀಬೇಕಲ್ರಿ?”

ಅಜ್ಜಾರು ಹಳ್ಳದ ಕಡೆ ನೋಡಿದರು. ಒಂದು ಕಡ್ಡಿಯನ್ನು ಸೀಳಿ ಎಲೆಗೆ ಚುಚ್ಚಿದರು.

“ಕೂಡು. ಒಬ್ಬ ಹಗ್ಗದ ವ್ಯಾಪಾರಿ ಕತಿ ಹೇಳ್ತೀನಿ” ಎಂದು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಹಗ್ಗದ ವ್ಯಾಪಾರಿಯಿದ್ದ. ಅವನ ಹೆಸರು ಬೇಡ. ಆ ಮನೆತನದವರು ಇಂದಿಗೂ ಹಗ್ಗ ಮಾರುತ್ತಾರೆ, ಹೆಸರೆತ್ತಿದರೆ ನನ್ನ ಮೇಲೆ ಮುನಿಸಿಕೊಂಡಾರು. ಒಳ್ಳೆಯ ಮನುಷ್ಯ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿ ತೆಗೆಯುತ್ತಿದ್ದ. ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ತನ್ನ ಜಾಣತನದ ಮೇಲೆ ಮಾತ್ರ ಅವನಿಗೆ ತುಸು ಹೆಚ್ಚೇ ಪ್ರೀತಿ.

ಅಂಗಡಿ ಅವನ ಅಪ್ಪ ಕಟ್ಟಿದ್ದು. ಅಲ್ಲಿ ಹೊಸೆಯುತ್ತಿದ್ದದ್ದು ಪುಂಡಿ ನಾರಿನ ಹಗ್ಗ. ಹೊಸೆಯುವವರು ಅಂಗಡಿಯ ಆಳುಗಳು. ನಾರು ತರುವವರು ಮಾತ್ರ ಹೊರಗಿನವರು. ನಾಲ್ಕು ಹರದಾರಿ ಆಚೆ ಕೆರೆಯ ಪಕ್ಕದ ಒಂದು ಹಳ್ಳಿ. ಅಲ್ಲಿಯ ಐದು ಮನೆಯವರು ಪುಂಡಿ ಬೆಳೆಯುತ್ತಿದ್ದರು. ಕಡ್ಡಿಯನ್ನು ಕೆರೆಯ ನೀರಿನಲ್ಲಿ ಮುಳುಗಿಸಿ ಕೊಳೆ ಹಾಕಿ, ಹದ ಬಂದ ಮೇಲೆ ನಾರು ಸುಲಿದು, ತೊಳೆದು ಒಣಗಿಸಿ, ಹೊರೆ ಕಟ್ಟಿ ಬಂಡಿಯಲ್ಲಿ ತರುತ್ತಿದ್ದರು.

ಈ ಕೊಳೆ ಹಾಕುವುದಿದೆಯಲ್ಲ, ಅದು ದಿನ ಎಣಿಸಿ ಮಾಡುವ ಕೆಲಸವಲ್ಲ. ಒಂದು ದಿನ ಮೊದಲು ತೆಗೆದರೆ ನಾರಿಗೆ ಸಿಪ್ಪೆಯ ಚೂರು ಅಂಟಿಕೊಂಡಿರುತ್ತದೆ. ಎರಡು ದಿನ ತಡವಾದರೆ ಚೂರೆಲ್ಲ ಬಿಟ್ಟು ನಾರು ನುಣ್ಣಗಾಗುತ್ತದೆ, ಆದರೆ ಅದರ ಕಸುವು ನೀರಿಗೆ ಹೋಗಿರುತ್ತದೆ. ಒಣಗಿದ ಮೇಲೆ ನೋಡಿದರೆ ಕಳೆದುಹೋದ ಕಸುವು ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ಇಳಿದು ಕಡ್ಡಿ ಎತ್ತಿದವರಿಗೆ ಮಾತ್ರ ಗೊತ್ತು.

ಅದಕ್ಕೇ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬಂಡಿ ಬಂದು ನಿಂತೊಡನೆ, ತಂದವರು ಕೆಟ್ಟ ಹೊರೆಯನ್ನು ಮೊದಲು ಇಳಿಸುತ್ತಿದ್ದರು. ಅದನ್ನು ಬಾಗಿಲಿನ ಎಡಕ್ಕೆ ಇಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ವ್ಯಾಪಾರಿಯ ಅಪ್ಪ ಒಳಗಿನಿಂದ ಬಂದು ಆ ಹೊರೆಯನ್ನು ನೋಡಿ, “ಏನಾಗೇತಿ ಇದಕ್ಕ?” ಎಂದು ಕೇಳುತ್ತಿದ್ದ. ಅವರು ಹೇಳುತ್ತಿದ್ದರು. ಸೊಸೆಗೆ ಹೆರಿಗೆಯಾಯಿತು, ಮೂರು ದಿನ ಕೆರೆ ಕಡೆ ಹೋಗಲಾಗಲಿಲ್ಲ. ಎಮ್ಮೆ ನೀರಿಗಿಳಿದು ಹೊರೆ ತುಳಿಯಿತು. ಮುದುಕ ಬೈಯುತ್ತಿದ್ದ, ನಗುತ್ತಿದ್ದ. ಆ ಹೊರೆಯನ್ನು ಕಡಿಮೆ ಬೆಲೆಗೆ ಹಿಡಿದು ಕರು ಕಟ್ಟುವ ಕಣ್ಣಿಗೆ, ಹುಲ್ಲಿನ ಹೊರೆ ಕಟ್ಟುವುದಕ್ಕೆ ಹಚ್ಚುತ್ತಿದ್ದ. ಬಂದವರಿಗೆ ಒಂದು ತಂಬಿಗೆ ಮಜ್ಜಿಗೆ. ಉಳಿದ ಹೊರೆಗಳನ್ನು ಅವನು ಬಿಚ್ಚಿ ನೋಡಿದ್ದೇ ಇಲ್ಲ.

ಅಪ್ಪ ತೀರಿಕೊಂಡ. ಮಗ ಗದ್ದುಗೆಯ ಮೇಲೆ ಕೂತ.

ಕೂತವನಿಗೆ ಮೊದಲು ಕಣ್ಣಿಗೆ ಬಿದ್ದದ್ದೇ ಈ ಎಡದ ಹೊರೆ. ಪ್ರತಿ ಬಂಡಿಯಲ್ಲೂ ಒಂದು ಕೆಟ್ಟದ್ದು ಇದ್ದೇ ಇರುತ್ತದೆ, ಅದನ್ನು ನಾಚಿಕೆಯಿಲ್ಲದೆ ಎದುರಿಗಿಟ್ಟು ಮಜ್ಜಿಗೆ ಬೇರೆ ಕುಡಿಯುತ್ತಾರೆ! ಅಪ್ಪ ಇವರನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾನೆ ಎಂದು ಅವನಿಗೆ ಅನ್ನಿಸಿತು. ಐದೂ ಮನೆಯವರನ್ನು ಕರೆಸಿದ. ಇನ್ನು ಮೇಲೆ ಕೆಟ್ಟ ಹೊರೆ ತರಕೂಡದು, ಬಂಡಿಯಲ್ಲಿ ಒಂದು ಕೆಟ್ಟದ್ದು ಕಂಡರೆ ಇಡೀ ಬಂಡಿ ವಾಪಸು ಎಂದ. ನಾರಿನಲ್ಲಿ ಸಿಪ್ಪೆಯ ಚೂರು ಒಂದೂ ಇರಬಾರದು, ಕೈಯಾಡಿಸಿದರೆ ನುಣ್ಣಗೆ ಜಾರಬೇಕು ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು.

ಮುಂದಿನ ಸುಗ್ಗಿಗೆ ಐದು ಬಂಡಿ ಒಟ್ಟಿಗೇ ಬಂದವು. ನಾಲ್ಕು ಬಂಡಿಯವರು ಹಿಂದೆ ನಿಂತರು. ಮುಂದಿನ ಬಂಡಿ ಫಕೀರವ್ವನದು. ಗಂಡ ಸತ್ತ ಮೇಲೆ ಮೂವತ್ತು ವರ್ಷ ಒಬ್ಬಳೇ ಆ ಕೆರೆಯಲ್ಲಿ ನಿಂತು ನಾರು ತೆಗೆದವಳು. ವ್ಯಾಪಾರಿ ಚಿಕ್ಕವನಿದ್ದಾಗ ಅವನಿಗೆ ಪುಂಡಿ ಕಡ್ಡಿಯ ಬಂಡಿ ಮಾಡಿಕೊಟ್ಟಿದ್ದವಳು. ಅವಳು ಬಂಡಿಯಿಂದ ಇಳಿದಳು, ಒಂದು ಹೊರೆ ಎತ್ತಿ ಬಾಗಿಲಿನ ಎಡಕ್ಕೆ ಇಟ್ಟಳು, ಪಕ್ಕದಲ್ಲಿ ಕೂತಳು.

ವ್ಯಾಪಾರಿ ಹೊರಗೆ ಬಂದ. “ಏನಿದು?”

“ಇದೊಂದು ಎರಡು ದಿನ ಜಾಸ್ತಿ ನೀರಾಗ ಉಳೀತ್ರಿ, ಸಾವ್ಕಾರ್ರ. ನನಗ ಜ್ವರ ಬಂದಿತ್ತು. ನೋಡಾಕ ಚಲೋ ಕಾಣ್ತೈತಿ, ಆದ್ರ ಬಾವಿಗೆ ಹಚ್ಚಬ್ಯಾಡ್ರಿ.”

ವ್ಯಾಪಾರಿ ಹೊರೆಯನ್ನು ಮುಟ್ಟಿಯೂ ನೋಡಲಿಲ್ಲ. ತಾನು ಆಡಿದ ಮಾತು ಗಟ್ಟಿ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಎಂದುಕೊಂಡ. ನಾಲ್ಕು ಬಂಡಿಯವರೂ ನೋಡುತ್ತಿದ್ದಾರಲ್ಲ. “ಇಡೀ ಬಂಡಿ ಹೊಳ್ಳಿಸು” ಎಂದ. ಫಕೀರವ್ವ ಬೇಡಿಕೊಳ್ಳಲಿಲ್ಲ. ಹೊರೆಯನ್ನು ತಿರುಗಿ ಬಂಡಿಗೆ ಹಾಕಿದಳು. ನಾಲ್ಕು ಹರದಾರಿ ಹಾದಿ, ಬಿಸಿಲಲ್ಲಿ ಎತ್ತು ಹೊಡೆದುಕೊಂಡು ಹೋದಳು. ಮಜ್ಜಿಗೆ ಕೂಡ ಕುಡಿಯಲಿಲ್ಲ.

ಹಿಂದೆ ನಿಂತಿದ್ದ ನಾಲ್ಕು ಬಂಡಿಯವರು ಹೊರೆ ಇಳಿಸಿದರು. ಎಡಕ್ಕೆ ಒಂದನ್ನೂ ಇಡಲಿಲ್ಲ. ವ್ಯಾಪಾರಿ ಬಾಗಿಲಿನ ಎಡಭಾಗವನ್ನು ನೋಡಿ ಬೀಗಿದ. ಅಪ್ಪನ ಕಾಲದಲ್ಲಿ ಒಂದು ದಿನವೂ ಖಾಲಿ ಇರದ ಜಾಗ ಅದು, ತನ್ನ ಒಂದೇ ಮಾತಿಗೆ ಖಾಲಿಯಾಯಿತು. ಹೊರೆಗಳ ಮೇಲೆ ಕೈಯಾಡಿಸಿದ. ನುಣ್ಣಗೆ ಜಾರಿತು.

ಹೀಗೆ ಎರಡು ವರ್ಷ ನಡೆಯಿತು. ಬಂಡಿಗಳು ಬರುತ್ತಿದ್ದವು, ಹೊರೆ ಇಳಿಯುತ್ತಿತ್ತು, ಬಂದವರು ನಿಂತ ಕಾಲಲ್ಲೇ ಹೊರಟುಬಿಡುತ್ತಿದ್ದರು. ಒಳಗೆ ಅವನ ತಾಯಿ ಮಾಡಿಟ್ಟ ಮಜ್ಜಿಗೆ ಸಂಜೆಗೆ ಹುಳಿಯಾಗುತ್ತಿತ್ತು.

“ಯಾರೂ ಕೂಡವಲ್ರಲ್ಲೋ ಈಗ” ಎಂದಳು ತಾಯಿ ಒಂದು ದಿನ.

“ಎಲ್ಲಾರ ಹೊತ್ತೂ ಉಳೀತಲ್ಲಬೇ” ಎಂದ ಮಗ. ಉಳಿದ ಹೊತ್ತಿನಲ್ಲಿ ಅವನು ಇಬ್ಬರು ಆಳುಗಳನ್ನು ಕೂರಿಸಿಕೊಂಡು ಒಂದೊಂದೇ ಹೊರೆಯನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟುತ್ತಿದ್ದ. ಅಪ್ಪನಿಗೆ ಒಂದು ಗಳಿಗೆಯ ಕೆಲಸವಾಗಿದ್ದದ್ದು ಇವನಿಗೆ ಇಡೀ ದಿನದ ಕೆಲಸವಾಗಿತ್ತು. ಜಾಣರ ಪಾಡೇ ಹೀಗೆ, ತಮ್ಮ ಬೆನ್ನ ಮೇಲಿನ ಮೂಟೆ ತಮಗೆ ಕಾಣುವುದಿಲ್ಲ.

ನಡುನಡುವೆ ಸಣ್ಣಪುಟ್ಟ ದೂರು ಬಂದವು. ಒಬ್ಬನ ಕರು ಕಣ್ಣಿ ಹರಿದುಕೊಂಡು ಓಡಿತು. ‘ನಿನ್ನ ಕರು ಜೋರೈತಿ’ ಎಂದು ನಕ್ಕು ಕಳಿಸಿದ. ಇನ್ನೊಬ್ಬನ ಹುಲ್ಲಿನ ಬಂಡಿ ದಾರಿಯಲ್ಲಿ ಬಿಚ್ಚಿ ಚೆಲ್ಲಿತು. ಹೊಸೆಯುವ ಆಳುಗಳನ್ನು ಬೈದ. ನಾರಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಯಾಕೆ ಬಂದೀತು? ನಾರು ಅಷ್ಟು ಚೆಂದವಿತ್ತು.

ಮೂರನೆಯ ವರ್ಷ ಪೇಟೆಯ ದೊಡ್ಡ ಬಾವಿಯ ಹೂಳು ತೆಗೆಯುವ ಕೆಲಸ ಬಂತು. ಇಡೀ ಪೇಟೆ ಕುಡಿಯುವ ನೀರು ಅದೇ. ನೀರು ತೋಡಿ ಹಾಕಿ ತಳದ ಹೂಳು ಎತ್ತಲು ದುರಗಪ್ಪ ಮೇಸ್ತ್ರಿ ತನ್ನ ಮಂದಿಯನ್ನು ಕರೆದುಕೊಂಡು ಬಂದ. ಆ ಮಂದಿಯ ಪೈಕಿ ಬುಟ್ಟಿಯಲ್ಲಿ ಕೂತು ಮೊದಲು ಇಳಿಯುವವನು ಮೇಸ್ತ್ರಿಯ ಅಳಿಯ. ಮಗಳ ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ.

ಮೇಸ್ತ್ರಿ ಹಗ್ಗ ಕೊಳ್ಳಲು ಅಂಗಡಿಗೆ ಬಂದ. ಹಗ್ಗವನ್ನು ಮೂಸಿದ, ಎಳೆದ, ಹುರಿ ಬಿಡಿಸಿ ನೋಡಿದ.

“ಇದು ಯಾರ ಮನೀ ನಾರ್ರಿ? ಎಷ್ಟು ದಿನ ನೀರಾಗಿತ್ತು?”

“ಅದೆಲ್ಲಾ ಯಾಕ ಬೇಕು ಮೇಸ್ತ್ರಿ? ಕೈಯಾಡಿಸಿ ನೋಡು. ಪೇಟ್ಯಾಗ ಇಂಥಾ ಹಗ್ಗ ಎಲ್ಲೈತಿ?”

“ನಿಮ್ಮಪ್ಪಾರು ಹೇಳ್ತಿದ್ರು” ಎಂದ ದುರಗಪ್ಪ. ಹಗ್ಗವನ್ನು ಇನ್ನೊಮ್ಮೆ ಎಳೆದ. “ಇರಲಿ. ಅವರ ಅಂಗಡಿ ಅಂತ ಒಯ್ತೀನಿ” ಎಂದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

ಆ ಕಡೆ ಬಾವಿಯವರದೂ ಒಂದು ಪದ್ಧತಿ. ಬಾವಿಗೆ ಹೊಸ ಹಗ್ಗ ಕಟ್ಟಿದಾಗ ಬುಟ್ಟಿಯಲ್ಲಿ ಮೊದಲು ಕೂರುವವನು ಹಗ್ಗ ಮಾರಿದವನು. ಅವನು ಎರಡಾಳು ಆಳ ಇಳಿದು ಮೇಲೆ ಬರಬೇಕು. ಆಮೇಲೆ ಹೂಳೆತ್ತುವವರು ಇಳಿಯುತ್ತಾರೆ. ವ್ಯಾಪಾರಿಯ ಅಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಬುಟ್ಟಿಯಲ್ಲಿ ಕೂರುತ್ತಿದ್ದ, ಜೋಕಾಲಿ ಆಡಿದವನ ಹಾಗೆ ಇಳಿದು ಬರುತ್ತಿದ್ದ. ಅವನು ಹಗ್ಗದ ಕಡೆ ತಲೆಯೆತ್ತಿ ನೋಡಿದ್ದನ್ನು ಕಂಡವರಿಲ್ಲ. ಅವನು ತೀರಿದ ಮೇಲೆ ಬಂದ ಮೊದಲ ದೊಡ್ಡ ಬಾವಿ ಇದು. ಮಗ ಒಗೆದ ಧೋತರ ಉಟ್ಟು ಬಂದ. ಪೇಟೆಯ ಮಂದಿ ಬಾವಿಯ ಸುತ್ತ ನಿಂತಿದ್ದರು.

ಮೇಸ್ತ್ರಿ ಬುಟ್ಟಿಯನ್ನು ದಂಡೆಗೆ ತಂದು ಹಿಡಿದ. “ಬರ್ರಿ” ಎಂದ.

ವ್ಯಾಪಾರಿ ಒಂದು ಕಾಲು ಬುಟ್ಟಿಯಲ್ಲಿಟ್ಟ. ಕೆಳಗೆ ನೋಡಿದ, ಕತ್ತಲು. ಮೇಲೆ ಹಗ್ಗ ನೋಡಿದ. ಬೆಳ್ಳಗೆ, ನುಣ್ಣಗೆ ಇತ್ತು. ಇದು ಯಾರ ಮನೆಯ ನಾರು? ಅವನಿಗೆ ಗೊತ್ತಿರಲಿಲ್ಲ. ಎಷ್ಟು ದಿನ ನೀರಿನಲ್ಲಿತ್ತು? ಗೊತ್ತಿರಲಿಲ್ಲ. ಕೆರೆಗೆ ಎಮ್ಮೆ ಇಳಿದಿತ್ತೇ, ಯಾರ ಮನೆಯಲ್ಲಿ ಜ್ವರವಿತ್ತು, ಯಾರ ಸೊಸೆ ಹಡೆದಿದ್ದಳು? ಎರಡು ವರ್ಷದಿಂದ ಅವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಎಡಕ್ಕೆ ಇಟ್ಟ ಹೊರೆಯ ಪಕ್ಕ ಕೂತು, ಬಾವಿಗೆ ಹಚ್ಚಬ್ಯಾಡ್ರಿ ಎಂದ ದನಿ ಈಗ ನೆನಪಿಗೆ ಬಂತು. ಬುಟ್ಟಿಯಲ್ಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದ.

ಮಂದಿ ಗುಜುಗುಜು ಎಂದರು. ಯಾರೋ ನಕ್ಕರು. ಅವನಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನುವಷ್ಟು ನಾಚಿಕೆಯಾಯಿತು. ಆದರೂ ಅವನು ಅಂದು ಒಂದು ಒಳ್ಳೆಯ ಕೆಲಸ ಮಾಡಿದ. ತಲೆ ತಿರುಗುತ್ತದೆ, ಹೊಟ್ಟೆ ನೋವು ಎಂದು ನೆವ ಹೇಳಲಿಲ್ಲ.

“ಈ ಹಗ್ಗ ನನಗ ಗೊತ್ತಿಲ್ಲ ಮೇಸ್ತ್ರಿ. ನಿನ್ನ ಅಳಿಯನ್ನ ಇಳಸಬ್ಯಾಡ” ಎಂದ.

ದುರಗಪ್ಪ ಒಬ್ಬ ಆಳಿನ ತೂಕದ ಕಲ್ಲನ್ನು ಬುಟ್ಟಿಯಲ್ಲಿಡಿಸಿ ಇಳಿಬಿಟ್ಟ. ಹಗ್ಗ ನಾಲ್ಕಾಳು ಆಳದ ತನಕ ಸರಿಯಾಗಿಯೇ ಇಳಿಯಿತು. ಮೇಲಕ್ಕೆ ಎಳೆಯುವಾಗ ಪಟ್ಟೆಂದಿತು. ಕಲ್ಲು ತಳಕ್ಕೆ ಬಿದ್ದ ಸದ್ದು ಕೇಳಿ ಬಾವಿಯ ಸುತ್ತ ನಿಂತವರೆಲ್ಲ ಒಳಗೆ ಬಗ್ಗಿ ನೋಡಿದರು. ಮೇಸ್ತ್ರಿಯ ಅಳಿಯ ಪಕ್ಕದಲ್ಲೇ ನಿಂತು, ಹಿಡಿತ ಜಾರದಿರಲೆಂದು ಕೈಗೆ ಬೂದಿ ಹಚ್ಚಿಕೊಳ್ಳುತ್ತಿದ್ದ. ಅವನ ಕೈ ಹಾಗೆಯೇ ನಿಂತಿತು.

“ನಾಕು ದಿನ ಕಾಯ್ತೀನ್ರಿ” ಎಂದ ದುರಗಪ್ಪ. “ನಿಮ್ಮಪ್ಪಾರ ಮುಖ ನೋಡಿ ನಾಕು ದಿನ. ಆಮ್ಯಾಲ ಬ್ಯಾರೆ ಊರಿನ ಹಗ್ಗ ತರ್ತೀನಿ. ನಿಮ್ಮ ಅಂಗಡಿ ಮೆಟ್ಲಾ ಇನ್ನ ಹತ್ತೂದಿಲ್ಲ.”

ಬಾವಿಯವರು ಬಿಟ್ಟ ಅಂಗಡಿಯಲ್ಲಿ ಹಗ್ಗ ಯಾರು ಕೊಳ್ಳುತ್ತಾರೆ? ಅಪ್ಪನ ಐವತ್ತು ವರ್ಷದ ಹೆಸರು ನಾಲ್ಕು ದಿನದ ಗಡುವಿಗೆ ಬಂದು ನಿಂತಿತು. ವ್ಯಾಪಾರಿ ಹರಿದ ಹಗ್ಗವನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡ. ಬಂಡಿ ಹೂಡುವಷ್ಟು ತಾಳ್ಮೆ ಇರಲಿಲ್ಲ. ನಡೆದೇ ಹೊರಟ. ಒಂದು ಹರದಾರಿ ಹೋಗುವಷ್ಟರಲ್ಲಿ ಕೆರೆಯೂರಿನವರ ಮೇಲೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ಚೂರಿ ಹಾಕಿದರಲ್ಲ, ಅವರ ಮನೆ ಮುಂದೆ ನಿಂತು ಬೈಯಬೇಕು ಎಂದುಕೊಂಡ. ಎರಡನೆಯ ಹರದಾರಿಗೆ ಹೆಗಲು ಉರಿಯತೊಡಗಿತು. ಮೂರನೆಯ ಹರದಾರಿಗೆ ಬಾಯಾರಿತು. ಇದೇ ಬಿಸಿಲು, ಇದೇ ಹಾದಿ, ಒಬ್ಬ ಮುದುಕಿಯನ್ನು ತುಂಬಿದ ಬಂಡಿಯ ಸಮೇತ ತಿರುಗಿ ಕಳಿಸಿದ್ದು ಅವನಿಗೆ ಆಗ ಸರಿಯಾಗಿ ತಿಳಿಯಿತು. ಊರು ಮುಟ್ಟುವ ಹೊತ್ತಿಗೆ ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಸೋರಿಹೋಗಿತ್ತು.

ಫಕೀರವ್ವ ಅಂಗಳದಲ್ಲಿ ಪುಂಡಿ ಕಡ್ಡಿ ಒಟ್ಟುತ್ತಿದ್ದಳು. ಅವನನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ. ವ್ಯಾಪಾರಿ ಅವಳ ಬಾಗಿಲಿಗೆ ಹೋದ. ಹೆಗಲ ಮೇಲಿನ ಹಗ್ಗವನ್ನು ಇಳಿಸಿದ. ಅದನ್ನು ಬಾಗಿಲಿನ ಎಡಕ್ಕೆ ಇಟ್ಟ. ಪಕ್ಕದಲ್ಲಿ ನೆಲದ ಮೇಲೆ ಕೂತ.

ಫಕೀರವ್ವನ ಕೈ ನಿಂತಿತು. ಹಗ್ಗ ನೋಡಿದಳು, ಅವನನ್ನು ನೋಡಿದಳು. ಹತ್ತಿರ ಬಂದಳು.

“ಏನಾಗೇತಿ ಯಪ್ಪಾ, ಇದಕ್ಕ?” ಎಂದಳು.

ಅದು ಅವನ ಅಪ್ಪ ಕೇಳುತ್ತಿದ್ದ ಮಾತು. ವ್ಯಾಪಾರಿಗೆ ಕಣ್ಣು ತುಂಬಿ ಬಂತು. ಮರೆಮಾಚಲಿಲ್ಲ. ಬುಟ್ಟಿಯಿಂದ ಕಾಲು ತೆಗೆದದ್ದನ್ನೂ ಕಲ್ಲು ಬಿದ್ದದ್ದನ್ನೂ ಹೇಳಿದ. ಅವಳು ಹಗ್ಗದ ತುದಿಯನ್ನು ಬಿಡಿಸಿ, ಒಂದು ನಾರನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಅದು ಸದ್ದಿಲ್ಲದೆ ಹರಿಯಿತು.

“ನಾಕು ದಿನ ಜಾಸ್ತಿ ನೀರುಂಡೈತಿ. ಇದು ಇಡೀ ಊರಿಗೆ ಗೊತ್ತೈತಿ.”

“ಇಡೀ ಊರಿಗೆ ಗೊತ್ತಿದ್ರ ನನಗ ಒಬ್ಬರರ ಹೇಳಬೇಕಿಲ್ಲೇನು, ದೊಡ್ಡವ್ವ?”

“ಹೇಳಿದಾಕಿ ಬಂಡಿ ಹೊಳ್ಳಿ ಬಂದಿದ್ದನ್ನ ನಾಕೂ ಮನಿಯವರು ನಿಂತು ನೋಡಿದ್ರಲ್ಲಪಾ. ಮತ್ತ ಅವರೇನು ಮೋಸ ಮಾಡಿಲ್ಲ. ಸಿಪ್ಪಿ ಚೂರು ಇರಬಾರದು, ನುಣ್ಣಗಿರಬೇಕು ಅಂದಿ. ನೀರಾಗ ಹೆಚ್ಚು ದಿನ ಇಟ್ಟು ನುಣ್ಣಗ ಮಾಡಿ ಕೊಟ್ರು. ಗಟ್ಟಿ ಬೇಕು ಅಂತ ನೀ ಕೇಳಲೇ ಇಲ್ಲ.”

ವ್ಯಾಪಾರಿ ತಲೆ ತಗ್ಗಿಸಿದ. ಫಕೀರವ್ವ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಅವನ ಕೈಗೆ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ. ಇಷ್ಟು ರುಚಿಯಾದ ಮಜ್ಜಿಗೆಯನ್ನು ಅವನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಅಷ್ಟರಲ್ಲಿ ನಾಲ್ಕು ಮನೆಯವರೂ ಬಂದು ದೂರ ನಿಂತಿದ್ದರು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದರು. ವ್ಯಾಪಾರಿ ಎದ್ದು ಅವರಿಗೆ ಕೈಮುಗಿದ. “ತಪ್ಪು ನಂದು. ಬಾವಿಗೆ ಮನಷ್ಯಾ ಇಳಿಯೋ ಹಗ್ಗ ಬೇಕಾಗೇತಿ. ಎಂಥಾ ನಾರು ಹಚ್ಚಬೇಕು, ನೀವ ಹೇಳ್ರಿ” ಎಂದ. ಅವನ ಅಪ್ಪ ತೀರಿದ ಮೇಲೆ ಹಗ್ಗ ಯಾತಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಎಂಥದು ಬೇಕು ಎಂದು ಅವರನ್ನು ಕೇಳಿರಲೂ ಇಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು.

ಫಕೀರವ್ವನ ಅಟ್ಟದ ಮೇಲೆ ಆ ವರ್ಷದ ನಾರಿತ್ತು. ಸಿಪ್ಪೆಯ ಚೂರು ಅಂಟಿಕೊಂಡ ಒರಟು ನಾರು. ಕೊಳ್ಳುವವರಿಲ್ಲದೆ ತನ್ನ ಎತ್ತಿಗೆ ಆಗಲಿ ಎಂದು ಇಟ್ಟುಕೊಂಡಿದ್ದಳು. ಉಳಿದ ಮನೆಗಳಲ್ಲೂ ಅಂಥದೇ ಒಂದೆರಡು ಹೊರೆ ಹೊರಬಂದವು. ತಮ್ಮ ಮನೆಯ ಬಾವಿಗೆ ಅವರು ಯಾವತ್ತೂ ನುಣ್ಣನೆಯ ನಾರು ಹಚ್ಚಿದವರಲ್ಲ. ಮರುದಿನ ಬೆಳಿಗ್ಗೆ ಕೆರೆಯ ಏರಿಯ ಉದ್ದಕ್ಕೂ ನಾರು ಎಳೆದು ಹಗ್ಗ ಹೊಸೆದರು. ವ್ಯಾಪಾರಿ ಒಂದು ತುದಿ ಹಿಡಿದು ಸಂಜೆಯವರೆಗೆ ನಿಂತ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹಗ್ಗ ನೋಡಲು ಕುರೂಪವಾಗಿತ್ತು, ಮುಟ್ಟಿದರೆ ಚುಚ್ಚುತ್ತಿತ್ತು.

ಮೂರನೆಯ ದಿನ ಐದು ಮನೆಯವರೂ ಅವನ ಜೊತೆ ಪೇಟೆಗೆ ಬಂದರು. ಮೇಸ್ತ್ರಿ ಹಗ್ಗ ಮೂಸಿದ, ಎಳೆದ. ಕೇಳುವ ಮೊದಲೇ ವ್ಯಾಪಾರಿ ಹೇಳಿದ, “ಅರ್ಧ ಫಕೀರವ್ವಂದು. ಹನ್ನೆರಡು ದಿನ ನೀರಾಗಿತ್ತು. ಅರ್ಧ ಉಳಿದ ನಾಕು ಮನೀದು, ಹದಿಮೂರು ದಿನ. ಈ ವರ್ಷ ಕೆರಿ ನೀರು ಕಡಿಮಿ ಇತ್ತು, ಬಿಸಿಲಿಗೆ ಕಾದಿತ್ತು, ಅದಕ್ಕ ಒಂದು ದಿನ ಮೊದಲ ತಗದಾರ.” ಹೇಳುತ್ತಿದ್ದಂತೆ ಅವನ ದನಿ ಅವನಿಗೇ ಅಪ್ಪನ ದನಿಯ ಹಾಗೆ ಕೇಳಿತು.

ದುರಗಪ್ಪ ಬುಟ್ಟಿ ಹಿಡಿದ. ವ್ಯಾಪಾರಿ ಎರಡೂ ಕಾಲಿಟ್ಟು ಕೂತ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ತಲೆಯೆತ್ತಿ ಹಗ್ಗ ನೋಡಲಿಲ್ಲ. ಎರಡಾಳು ಸಾಕಿತ್ತು, ಅವನೇ ‘ಇನ್ನೂ ಬಿಡು, ಇನ್ನೂ ಬಿಡು’ ಎಂದು ತಳದವರೆಗೆ ಇಳಿದ. ಮೇಲೆ ಬಂದಾಗ ಕೈತುಂಬ ಹೂಳು ಇತ್ತು. ಮೊದಲ ಹಿಡಿ ಹೂಳನ್ನು ಅವನೇ ತಂದಿದ್ದ. ಮಂದಿ ನಕ್ಕರು, ಅವನೂ ನಕ್ಕ. ಆಮೇಲೆ ಮೇಸ್ತ್ರಿಯ ಅಳಿಯ ಇಳಿದ, ಸಂಜೆಗೆ ಮೇಲೆ ಬಂದು ಉಂಡ, ಮಲಗಿದ.

ಇಷ್ಟು ಹೇಳಿ ಅಜ್ಜಾರು ಹಚ್ಚಿದ ಎಲೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ.

“ಅಲ್ರಿ ಅಜ್ಜಾರ, ಹಂಗ ಸಡಿಲ ಬಿಟ್ರ ಮುಂದಿನ ವರ್ಷ ಎಲ್ಲಾರೂ ಕೆಟ್ಟ ಹೊರೀನ ತಂದಿರಬೇಕಲ್ಲ?”

ಅಜ್ಜಾರು ನಕ್ಕರು. ತಂದ, ಒಬ್ಬ ತಂದ ಎಂದರು.

ಮುಂದಿನ ಸುಗ್ಗಿಗೆ ಐದೂ ಬಂಡಿ ಬಂದವು. ಬಾಗಿಲಿನ ಎಡಕ್ಕೆ ಹೊರೆಗಳು ಸಾಲಾಗಿ ಕೂತವು. ಅವನ್ನು ನೋಡಿದ ವ್ಯಾಪಾರಿಗೆ ಮನೆಗೆ ನೆಂಟರು ಬಂದಷ್ಟು ಸಂತೋಷವಾಯಿತು. ನಾಲ್ಕು ಮನೆಯವರದು ಒಂದೊಂದು. ಐದನೆಯವನದು ಮೂರು. ‘ಏನಾಗೇತಿ ಇದಕ್ಕ’ ಎಂದು ಕೇಳಿದರೆ ಅವನು ತಲೆ ಕೆರೆದುಕೊಂಡ. ತಂಗಿಯ ಊರಿಗೆ ಹೋಗಿ ಹದಿನೈದು ದಿನ ಕೂತುಬಿಟ್ಟಿದ್ದನಂತೆ. ವ್ಯಾಪಾರಿ ಅವನಿಗೂ ಮಜ್ಜಿಗೆ ಕೊಟ್ಟ. ಒಂದು ಹೊರೆಯನ್ನು ಕರುವಿನ ಕಣ್ಣಿಗೆಂದು ಇಟ್ಟುಕೊಂಡ. ಎರಡನ್ನು ಬಂಡಿಗೆ ತಿರುಗಿ ಹಾಕಿಸಿದ. ‘ಹೊರೆ ಹೊಳ್ಳಿ ಒಯ್ಯಿ, ನೀ ಮಾತ್ರ ಮುಂದಿನ ಸಲ ತಪ್ಪದ ಬಾ’ ಎಂದ. ಅವನು ಮುಂದಿನ ಸಲ ಬಂದ. ಒಂದೇ ಹೊರೆ ಎಡಕ್ಕಿಟ್ಟ. ಅದಾದ ಮೇಲೆ ಪುಂಡಿ ನೀರಿಗೆ ಬೀಳುವ ಕಾಲಕ್ಕೆ ವ್ಯಾಪಾರಿಯೇ ವರ್ಷಕ್ಕೊಮ್ಮೆ ಕೆರೆಯೂರಿಗೆ ಹೋಗಿ, ಈ ಸಲ ಬಾವಿ ಹಗ್ಗ ಎಷ್ಟು ಬೇಕು, ಕಣ್ಣಿ ಎಷ್ಟು ಬೇಕು ಎಂದು ಕೂತು ಮಾತಾಡಿ ಬರುತ್ತಿದ್ದ. ಫಕೀರವ್ವ ಇರುವ ತನಕ ಅವನ ಊಟ ಅವಳ ಮನೆಯಲ್ಲೇ. ನಮ್ಮ ಮಠದ ಬಾವಿಗೆ ಕಟ್ಟಿರುವ ಹಗ್ಗವೂ ಆ ಅಂಗಡಿಯದೇ. ಮುಟ್ಟಿದರೆ ಚುಚ್ಚುತ್ತದೆ ಎಂದು ನೀರು ಸೇದುವವರು ದಿನಾ ಗೊಣಗುತ್ತಾರೆ.

ಕತೆ ಮುಗಿಯಿತು. ಶಂಭುಲಿಂಗ ಬಾವಿಯ ಕಡೆ ನೋಡಿದ, ತಲೆಯಾಡಿಸಿದ.

“ಚಲೋ ಐತ್ರಿ ಕತಿ. ಆದ್ರ ಆ ವ್ಯಾಪಾರಿಗೆ ಹಗ್ಗ ಹರಿಯೋ ತನಕ ಗೊತ್ತಾಗಲಿಲ್ಲ. ನನಗ ಹಂಗಾಗಲಿಲ್ರಿ. ಹುಳ ಐತಿ ಅಂತ ಬಂಡಿ ನಿಂತ ಕೂಡಲೇ ಗೊತ್ತಾತು.”

ಅಜ್ಜಾರು ಇನ್ನೊಂದು ಎಲೆಯನ್ನು ಕೈಗೆ ತೆಗೆದುಕೊಂಡರು.

“ಬಾಯಿ ಹೊಲಿದ ಮೂಟಿಯೊಳಗಿನ ಹುಳ ನಿನಗ ಹೆಂಗ ಗೊತ್ತಾತು, ತಮ್ಮಾ?”

ಶಂಭುಲಿಂಗ ಎದ್ದು ಹಳ್ಳದ ಕಡೆ ಹೊರಟ. ಹಳ್ಳದ ದಂಡೆಯಲ್ಲಿ ಮೈಲಾರಪ್ಪನ ಬಂಡಿ ಇನ್ನೂ ನಿಂತಿತ್ತು.